ರಸಪ್ರಶ್ನೆಯಲ್ಲಿ ರಸವೆಲ್ಲಿದೆ?

‘ಕ್ವಿಜ್’ ಎಂಬ ಆಂಗ್ಲಪದಕ್ಕೆ ಕನ್ನಡದಲ್ಲಿ ‘ರಸಪ್ರಶ್ನೆ’ ಎಂಬ ಹೆಸರು ರೂಢಿಗೆ ಬಂದಿದೆ. ಹೆಸರಿಟ್ಟವರು ಉದಾರಿಗಳೇ ಸರಿ. ರಸವೆಂಬ ಮಾತಿಗೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಎಂತಹ ಸ್ಥಾನವಿದೆಯೆಂಬುದನ್ನು ಸಹೃದಯ ವಾಚಕರು ಬಲ್ಲರು. ಹಳೆಯ ಕಾರ್ಟೂನು ಚಿತ್ರಗಳನ್ನೂ ಪಾಪ್ ಹಾಡಿನ ಗ್ರಾಮಫೋನು ತಟ್ಟೆಗಳನ್ನೂ ಕುರಿತು ಕೇಳುವ ಚಿಲ್ಲರೆ ಪ್ರಶ್ನೆಗಳಿಗೆ ಅಂತಹ ಮಾತು ಸಲ್ಲುವುದೆ? ಈ ಪ್ರಶ್ನೋತ್ತರವನ್ನೂ ಒಂದು ಪುಟ್ಟ ವಾಙ್ಮಯ ಪ್ರಕಾರವೆಂದು ಭಾವಿಸಿ ಅದರ ಗುಣದೋಷಗಳನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಗಟಿನೊಡನೆ ಹೋಲಿಸಿ ನೋಡೋಣ. ಒಗಟನ್ನು ಬಿಡಿಸಲು ಬೇಕಾದ ಸಾಮಗ್ರಿಯು ಒಗಟಿನೊಳಗೇ ಅಡಗಿರುತ್ತದೆ. ಅಕ್ಷರವರಿಯದ ಅಜ್ಜಿಯೂ ಯೋಚಿಸಿ ಅದನ್ನು ಬಿಡಿಸಬಲ್ಲಳು. ರಸಪ್ರಶ್ನೆಯ ರೀತಿ ಬೇರೆ. ಕಂಡವನಿಗೆ, ಕೇಳಿದವನಿಗೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಇಲ್ಲಿ ದುಡಿಯುವುದು ಬುದ್ಧಿಗಿಂತ ಹೆಚ್ಚಾಗಿ ಸ್ಮೃತಿ. ಬಾಲ್ಯದಲ್ಲಿ ನೋಡಿದ ಚಿತ್ರ, ಕೇಳಿದ ಹಾಡುಗಳ ವಿಷಯದಲ್ಲಂತೂ ಪೂರ್ಣಸ್ಮೃತಿಯು ವಿರಳ, ಅರೆನೆನಪೇ ಹೆಚ್ಚು. ಧಾಟಿ ನೆನಪಿದ್ದರೆ ಮಾತು ಮರೆತಿರುತ್ತದೆ. ಮಾತು ನೆನಪಿದ್ದರೆ ಹಾಡಿದವರಾರೆಂಬುದು ಮರೆತಿರುತ್ತದೆ.

ಈ ಅರೆನೆನಪಿನ ಸ್ವರೂಪವನ್ನು ಕಾಳಿದಾಸನಷ್ಟು ಸೂಕ್ಷ್ಮವಾಗಿ ಕಂಡವರು ಕಡಿಮೆ. ಬಸವಪ್ಪಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲ ನಾಟಕದ ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡು ದುಷ್ಯಂತನ ಕಿವಿಗೆ ಬೀಳುತ್ತದೆ. ಒಲಿದವರಾರನ್ನೂ ಅಗಲಿಲ್ಲವೆಂದು ತಿಳಿದಿದ್ದರೂ ಅವನ ಮನಸ್ಸು ಅಗಲಿದವನಂತೆ ಕಳವಳಗೊಳ್ಳುತ್ತದೆ. ಹಾಡು ನೆನಪನ್ನು ಅಲುಗಿಸಿತು, ಆದರೆ ಹೆಸರನ್ನು ತಂದುಕೊಡಲಿಲ್ಲ. ಅದೇ ಅಂಕದಲ್ಲಿ ಶಕುಂತಲೆಯು ಎದುರಿಗೆ ಬಂದು ನಿಂತರೂ ಅವನು ಗುರುತಿಸಲಾರದೆ ಹೋಗುತ್ತಾನೆ. ಉಂಗುರವು ಕೈಸೇರಿದ ಮೇಲೆಯೇ ಹೆಸರು, ಮುಖ, ಋಣ ಮೂರೂ ಮರಳಿ ಬರುವುದು. ರಸಪ್ರಶ್ನೆಯ ಉತ್ತರವನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಡ. ಆ ಉತ್ತರವು ಉಂಗುರದ ಕೆಲಸವನ್ನು ಮಾಡಿತೆ, ಇಲ್ಲವೆ?

ಅರೆನೆನಪು ಬರಿಯ ಮರೆವಲ್ಲವೆಂಬುದಕ್ಕೆ ಮನಶ್ಶಾಸ್ತ್ರದಲ್ಲಿಯೂ ಆಧಾರವಿದೆ. 1966ರಲ್ಲಿ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಎಂಬ ವಿದ್ವಾಂಸರು ಅಪರೂಪದ ಪದಗಳ ಅರ್ಥವನ್ನು ಓದಿ ಹೇಳಿ, ಪದ ಯಾವುದೆಂದು ವಿದ್ಯಾರ್ಥಿಗಳನ್ನು ಕೇಳಿದರು. ಪದವು ನಾಲಗೆಯ ತುದಿಯಲ್ಲಿದ್ದೂ ಹೊರಬಾರದೆ ತೊಳಲುತ್ತಿದ್ದವರು ಅದರ ಮೊದಲಕ್ಷರವನ್ನೂ ಉಚ್ಚಾರಣೆಯ ಖಂಡಗಳ ಸಂಖ್ಯೆಯನ್ನೂ ಅನೇಕ ವೇಳೆ ಸರಿಯಾಗಿಯೇ ಊಹಿಸಿದರು. ಶಾಲೆಯ ಪರೀಕ್ಷೆಯಲ್ಲಿ ಇಂತಹ ಜ್ಞಾನಕ್ಕೆ ಅಂಕ ದೊರೆಯದು. ಅದು ಜ್ಞಾನವೇ ಅಲ್ಲವೆನ್ನುವುದು ಮಾತ್ರ ಸರಿಯಲ್ಲ.

ಹಾಗೆಂದು ಅರೆನೆನಪನ್ನೇ ನಂಬಿ ಕುಳಿತುಕೊಳ್ಳುವಂತೆಯೂ ಇಲ್ಲ. ಬಿಟ್ಟ ಸ್ಥಳವನ್ನು ಅದು ತನಗೆ ತೋರಿದಂತೆ ತುಂಬಿಕೊಳ್ಳುತ್ತದೆ. 1930ರಲ್ಲಿ ಆರಂಭವಾದ ‘ಲೂನಿ ಟ್ಯೂನ್ಸ್’ ಎಂಬ ಪ್ರಸಿದ್ಧ ಕಾರ್ಟೂನು ಮಾಲೆಯ ಹೆಸರನ್ನು ‘ಲೂನಿ ಟೂನ್ಸ್’ ಎಂದೇ ಅನೇಕರು ನೆನೆಯುತ್ತಾರೆ. ಕಾರ್ಟೂನಿಗೆ ‘ಟೂನ್’ ಎಂಬುದು ಒಪ್ಪುತ್ತದೆಯಷ್ಟೆ! ಆದರೆ ‘ಟ್ಯೂನ್’ ಎಂದರೆ ಧಾಟಿ. ಡಿಸ್ನಿಯವರ ‘ಸಿಲ್ಲಿ ಸಿಂಫನೀಸ್’ 1929ರಲ್ಲಿಯೇ ಬಂದಿತ್ತು. ಸಂಗೀತವೇ ಅಂದಿನ ಕಾರ್ಟೂನಿನ ಜೀವಾಳವಾಗಿತ್ತೆಂಬ ಚರಿತ್ರೆಯು ಆ ಒಂದು ಅಕ್ಷರದಲ್ಲಿದೆ. ತಪ್ಪು ನೆನಪು ಅಕ್ಷರದೊಡನೆ ಚರಿತ್ರೆಯನ್ನೂ ಕಳೆಯುತ್ತದೆ.

ಇನ್ನು ಮುಖ್ಯವಾದ ಉದಾಹರಣೆಗೆ ಬರೋಣ. ‘ಶುಗರ್, ಶುಗರ್’ ಎಂಬ ಹಾಡು 1969ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕು ವಾರ, ಬ್ರಿಟನ್ನಿನಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿದ್ದಿತು. ಹಾಡಿದವರಾರು? ‘ದಿ ಆರ್ಚೀಸ್’ ಎಂಬುದು ರಸಪ್ರಶ್ನೆಯ ಸಿದ್ಧ ಉತ್ತರ. ಆದರೆ ಆರ್ಚೀಸ್ ಎಂಬವರು ಲೋಕದಲ್ಲಿಲ್ಲ. ಅವರು 1968ರಲ್ಲಿ ದೂರದರ್ಶನಕ್ಕೆ ಬಂದ ಕಾರ್ಟೂನಿನ ಪಾತ್ರಗಳು. ಹಾಡನ್ನು ರಚಿಸಿದವರು ಜೆಫ್ ಬ್ಯಾರಿ ಮತ್ತು ಆಂಡಿ ಕಿಮ್. ಮುಖ್ಯ ಕಂಠ ರಾನ್ ಡ್ಯಾಂಟೆಯದು, ಜೊತೆಯಲ್ಲಿ ಟೋನಿ ವೈನ್ ಎಂಬ ಗಾಯಕಿಯದು. ಅದೇ ವರ್ಷ ‘ಕಫ್ ಲಿಂಕ್ಸ್’ ಎಂಬ ಹೆಸರಿನಲ್ಲಿ ಬಂದ ‘ಟ್ರೇಸಿ’ ಎಂಬ ಹಾಡೂ ಮೊದಲ ಹತ್ತರೊಳಗೆ ಸೇರಿತು. ಅಲ್ಲಿಯ ಕಂಠವೂ ಡ್ಯಾಂಟೆಯದೇ! ಒಬ್ಬನೇ ಗಾಯಕನು ಎರಡು ತಟ್ಟೆಗಳ ಮೂಲಕ ಮನೆಮನೆಯನ್ನು ಹೊಕ್ಕನು. ಎರಡರ ಮೇಲೂ ಇದ್ದುದು ಅವನ ಹೆಸರಲ್ಲ.

ಬೀಟಲ್ಸ್ ಗಾಯಕರ ಕಾರ್ಟೂನಿನದು ಇದರ ವಿಪರ್ಯಯ. 1965ರಲ್ಲಿ ತೊಡಗಿದ ಆ ಮಾಲೆಯಲ್ಲಿ ಹಾಡು ಅವರದು. ಮಾತಾಡಿದವರು ಪಾಲ್ ಫ್ರೀಸ್ ಮತ್ತು ಲಾನ್ಸ್ ಪರ್ಸಿವಲ್ ಎಂಬ ಇಬ್ಬರು ನಟರು. ನಾಲ್ವರು ಗಾಯಕರ ಮಾತನ್ನು ಕೇಳಿದೆವೆಂದು ನೆನೆಯುವವರು ನಿಜವಾಗಿ ಕೇಳಿದ್ದು ಈ ಇಬ್ಬರನ್ನು.

ಇದು ಪರದೇಶದ ವಿನೋದವೆಂದು ತಳ್ಳಿಹಾಕುವಂತಿಲ್ಲ. 1949ರ ‘ಮಹಲ್’ ಹಿಂದೀ ಚಿತ್ರದ ಪ್ರಸಿದ್ಧ ಗೀತೆಯ ತಟ್ಟೆಯ ಮೇಲೆ ಗಾಯಕಿಯ ಹೆಸರಿನ ಸ್ಥಳದಲ್ಲಿ ‘ಕಾಮಿನಿ’ ಎಂಬ ಪಾತ್ರದ ಹೆಸರೇ ಅಚ್ಚಾಗಿದ್ದಿತು. ಕೇಳುಗರು ‘ಈ ಕಂಠ ಯಾರದು?’ ಎಂದು ರೇಡಿಯೋದವರನ್ನು ವಿಚಾರಿಸತೊಡಗಿದರು. ಲತಾ ಮಂಗೇಶ್ಕರ್ ಎಂಬ ಹೆಸರು ಹೊರಬಿದ್ದಿತು. ಆ ಕೇಳುಗರ ಪ್ರಶ್ನೆಗಿಂತ ಉತ್ತಮವಾದ ರಸಪ್ರಶ್ನೆಯು ಯಾವುದಿದೆ? ಅದರಲ್ಲಿ ಅಂಕದ ಆಸೆಯಿಲ್ಲ, ಪಾಂಡಿತ್ಯಪ್ರದರ್ಶನವಿಲ್ಲ. ಸಂತೋಷ ಕೊಟ್ಟವರನ್ನು ಅರಿಯಬೇಕೆಂಬ ಹಂಬಲ ಮಾತ್ರವಿದೆ.

ಆದುದರಿಂದ ಈ ಪ್ರಕಾರದಲ್ಲಿ ತರತಮವನ್ನು ಎಣಿಸಲೇಬೇಕು. ಹಾಡು ಎಷ್ಟು ವಾರ ಮೊದಲ ಸ್ಥಾನದಲ್ಲಿತ್ತೆಂಬ ಪ್ರಶ್ನೆಯು ಅಧಮ. ಅದರ ಉತ್ತರ ತಿಳಿದರೂ ಹಾಡು ಮತ್ತೊಮ್ಮೆ ಕೇಳಿಸದು. ಹೇಗೆ ಆಯಿತೆಂಬುದನ್ನು ತೋರಿಸುವ ಪ್ರಶ್ನೆಯು ಮಧ್ಯಮ. 1958ರ ‘ಚಿಪ್‌ಮಂಕ್ ಸಾಂಗ್’ ಎಂಬ ತಟ್ಟೆಯಲ್ಲಿ ಅಳಿಲುಗಳ ಕೀಚುಧ್ವನಿ ಬಂದುದೆಂತು? ರಾಸ್ ಬಗ್ದಸೇರಿಯನ್ ಎಂಬವನು ಟೇಪಿನ ವೇಗವನ್ನು ಅರ್ಧಕ್ಕಿಳಿಸಿ, ನಿಧಾನವಾಗಿ ತಾನೇ ಹಾಡಿ, ಬಳಿಕ ಪೂರ್ಣವೇಗದಲ್ಲಿ ನುಡಿಸಿದನು. ಇದನ್ನರಿತವನು ಹಾಡನ್ನು ಹೊಸ ಕಿವಿಯಿಂದ ಕೇಳುತ್ತಾನೆ. ಯಾರದೆಂಬುದನ್ನು ಮರಳಿಸಿ ಋಣವನ್ನು ನೆನಪಿಸುವ ಪ್ರಶ್ನೆಯೇ ಉತ್ತಮ.

ಇಂಗ್ಲಿಷಿನಲ್ಲಿ ಈ ಬಗೆಯ ತಿಳಿವಳಿಕೆಗೆ ‘ಟ್ರಿವಿಯಾ’, ಅಂದರೆ ಕ್ಷುಲ್ಲಕ, ಎಂದು ಹೆಸರು. ಆ ಪದಕ್ಕೆ ಬಂಧುವಾದ ‘ಟ್ರಿವಿಯಂ’ ಎಂಬುದಾದರೋ ಮಧ್ಯಯುಗದ ಯೂರೋಪಿನಲ್ಲಿ ವ್ಯಾಕರಣ, ತರ್ಕ, ಅಲಂಕಾರಗಳೆಂಬ ಮೂರು ಮೊದಲ ಪಾಠಗಳಿಗೆ ಇದ್ದ ಹೆಸರು. ಮೊದಲ ಪಾಠವನ್ನು ಹೇಳಿಕೊಡುವವರು ಇದನ್ನು ಮರೆಯಲಾಗದು. ಪ್ರಶ್ನೆಯು ಸಣ್ಣದಾಗುವುದು ವಿಷಯದಿಂದಲ್ಲ, ಕೇಳುವ ಬಗೆಯಿಂದ. ‘ಯಾರು ಗೆದ್ದರು?’ ಎಂಬಲ್ಲಿಗೆ ನಿಂತರೆ ರಸಪ್ರಶ್ನೆಯಲ್ಲಿ ಪ್ರಶ್ನೆಯಷ್ಟೇ ಉಳಿಯುತ್ತದೆ, ‘ಯಾರು ಹಾಡಿದರು?’ ಎಂಬಲ್ಲಿಗೆ ಮುಟ್ಟಿದರೆ ರಸಕ್ಕೂ ಎಡೆಯುಂಟು.