ಗುಂಯ್‌ಗುಡದ ಮಂದ್ರ

ನಮ್ಮ ಮನೆಗೆ ಬಂದ ಸಬ್‌ವೂಫರ್ ಮೊದಲ ದಿನ ಹಾಡಲಿಲ್ಲ, ಗುಂಯ್‌ಗುಟ್ಟಿತು. ಹಾಡು ನಿಲ್ಲಿಸಿದರೂ ಆ ಸದ್ದು ನಿಲ್ಲಲಿಲ್ಲ. ಅದು ಕರೆಂಟಿನದೇ ದನಿ. ನಮ್ಮ ದೇಶದ ವಿದ್ಯುತ್ತಿನ ಆವರ್ತನ 50 ಹರ್ಟ್ಸ್; ಸಬ್‌ವೂಫರ್ ಹುಟ್ಟಿರುವುದೇ ಅಂಥ ತಗ್ಗು ದನಿಗಳನ್ನು ಎತ್ತಿ ಹಿಡಿಯಲು. ಪಾಪ, ಅದು ತನ್ನ ಕೆಲಸವನ್ನು ನಿಷ್ಠೆಯಿಂದಲೇ ಮಾಡುತ್ತಿತ್ತು.

ಆಂಪ್ಲಿಫೈಯರ್ ಒಂದು ಗೋಡೆಯ ಸಾಕೆಟ್ಟಿನಲ್ಲಿತ್ತು, ಸಬ್‌ವೂಫರ್ ಎದುರು ಗೋಡೆಯದರಲ್ಲಿ. ಎರಡಕ್ಕೂ ಮೂರು ಪಿನ್ನು, ಎರಡಕ್ಕೂ ಅರ್ಥಿಂಗ್. ನಡುವೆ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ಲಿನ ಹೊರಗಿನ ಲೋಹದ ಹೆಣಿಗೆ ಗೋಡೆಯೊಳಗೆ ಆಗಲೇ ಸೇರಿದ್ದ ಎರಡೂ ಅರ್ಥಿಂಗನ್ನು ಇನ್ನೊಮ್ಮೆ ಬೆಸೆದು ದೊಡ್ಡದೊಂದು ಬಳೆಯನ್ನೇ ಮಾಡಿತ್ತು. ಎರಡು ಅರ್ಥಿಂಗ್ ನಡುವೆ ಕೂದಲೆಳೆಯಷ್ಟು ವೋಲ್ಟೇಜ್ ವ್ಯತ್ಯಾಸವಿದ್ದರೂ ಸಾಕು, ಆ ಹೆಣಿಗೆಯಲ್ಲಿ ಕರೆಂಟು ಹರಿಯುತ್ತದೆ. ಸಿಗ್ನಲ್ ಮರಳುವ ದಾರಿಯೂ ಅದೇ ಆದ್ದರಿಂದ ಗುಂಯ್‌ಕಾರ ಸಂಗೀತದೊಳಗೆ ಬೆರೆತುಬಿಡುತ್ತದೆ.

ಅರ್ಥ್ ಪಿನ್ನು ಕಿತ್ತರೆ ಸದ್ದು ಹೋಗುತ್ತದೆ, ಜೊತೆಗೆ ಜೀವ ಕಾಯುವ ತಂತಿಯೂ ಹೋಗುತ್ತದೆ. ಅದನ್ನು ಯಾರೂ ಮಾಡಬಾರದು. ನಾನು ಎರಡನ್ನೂ ಒಂದೇ ಸ್ಪೈಕ್ ಬೋರ್ಡಿಗೆ ಚುಚ್ಚಿದೆ, ಅಷ್ಟೇ. ಬಳೆ ಕುಗ್ಗಿತು, ಸದ್ದು ಅಡಗಿತು. ಇದಕ್ಕೂ ಬಗ್ಗದ ಮನೆಗಳಲ್ಲಿ ಸಿಗ್ನಲ್ ದಾರಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕುತ್ತಾರೆ.

ಆಮೇಲೆ, ತಗ್ಗು ದನಿಗಳನ್ನು ಬೇರ್ಪಡಿಸುವ ಕ್ರಾಸ್‌ಓವರನ್ನು 80 ಹರ್ಟ್ಸ್‌ಗೆ ತಿರುಗಿಸಿ ಒಂದು ಸಂಗೀತ ಕಛೇರಿಯ ಧ್ವನಿಮುದ್ರಣ ಹಾಕಿದೆ. ತನಿಯಾವರ್ತನದಲ್ಲಿ ಮೃದಂಗದ ಎಡಮುಖ ಮೊದಲ ಸಲ ಎದೆಗೇ ತಾಗಿತು. ಎರಡು ಪೆಟ್ಟುಗಳ ನಡುವೆ ಅಚ್ಚ ಮೌನವಿತ್ತು.