ತಾಯಿಗೂ ಒಂದು ಮಂಚ

ಕೂಸು ತೀರಾ ಸಣ್ಣದಾಗಿ ಹುಟ್ಟಿದರೆ ದೊಡ್ಡ ಆಸ್ಪತ್ರೆಗಳಲ್ಲಿ ಮೊದಲು ಆಗುವುದು ಅಗಲಿಕೆ. ಕೂಸು ಎನ್‌ಐಸಿಯು ಎಂಬ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಾಚೆ, ತಾಯಿ ಬಾಣಂತಿಯರ ವಾರ್ಡಿನಲ್ಲಿ. ಹಾಲು ಹಿಂಡಿ ಕಳಿಸುವುದು, ಕರೆದಾಗ ಹೋಗಿ ನೋಡಿ ಬರುವುದು, ಅಷ್ಟೇ ಅವಳ ಪಾಲು. ಸೋಂಕಿನ ಭಯದಿಂದ ಬೆಳೆದುಬಂದ ಈ ರೂಢಿಯನ್ನು ಪ್ರಶ್ನಿಸಿದ ಸಂಶೋಧನೆಯೊಂದು 2021ರ ಮೇ ತಿಂಗಳಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ಭಾರತದ ಐದು ಆಸ್ಪತ್ರೆಗಳಲ್ಲಿ ಅದು ನಡೆಯಿತು. ನಮ್ಮ ದೇಶದ ಕೇಂದ್ರ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ, ಡಾ. ಹರೀಶ್ ಚೆಲ್ಲಾನಿ, ಡಾ. ಸುಗಂಧಾ ಆರ್ಯ ಅಲ್ಲಿ ಈ ಕೆಲಸಕ್ಕೆ ಹೆಗಲು ಕೊಟ್ಟವರು.

ಕೂಸನ್ನು ಬರಿ ಎದೆಗೆ ಅಪ್ಪಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆ ಹೊಸದಲ್ಲ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರುಗಳು ಸಾಲದ ಆಸ್ಪತ್ರೆಯಲ್ಲಿ ಅದು ಶುರುವಾಯಿತು. ಆದರೆ ಕೂಸು ಚೇತರಿಸಿಕೊಂಡ ಮೇಲಷ್ಟೇ ತಾಯಿಯ ಎದೆಗೆ ಕೊಡಬೇಕೆಂಬುದು ವೈದ್ಯರ ನಿಯಮವಾಗಿತ್ತು. ಚೇತರಿಕೆಗೆ ದಿನಗಳೇ ಬೇಕು. ಸಾಯುವ ಕೂಸುಗಳಲ್ಲಿ ಬಹಳಷ್ಟು ಅಷ್ಟರೊಳಗೇ ಸಾಯುತ್ತವೆ. ಹಾಗಿದ್ದರೆ ಹುಟ್ಟಿದ ಗಳಿಗೆಯಿಂದಲೇ ಯಾಕೆ ಕೊಡಬಾರದು?

ಇದನ್ನೇ ತಿಳಿಯಲು ಆ ಐದು ಆಸ್ಪತ್ರೆಗಳಲ್ಲಿ ಒಂದು ಕಿಲೋದಿಂದ 1.8 ಕಿಲೋದೊಳಗಿನ 3,211 ಕೂಸುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಅಪ್ಪುಗೆ ಹೆಚ್ಚುಕಡಿಮೆ 1.3 ಗಂಟೆಯೊಳಗೆ ಶುರುವಾಯಿತು, ಇನ್ನೊಂದರಲ್ಲಿ ಸುಮಾರು 54 ಗಂಟೆ ಕಳೆದ ಮೇಲೆ. 28 ದಿನದೊಳಗೆ ಮೊದಲ ಗುಂಪಿನಲ್ಲಿ ನೂರಕ್ಕೆ 12, ಎರಡನೆಯದರಲ್ಲಿ 15.7 ಕೂಸುಗಳು ತೀರಿಕೊಂಡವು. ಅಂದರೆ 27 ಕೂಸುಗಳಿಗೆ ಹೀಗೆ ಆರೈಕೆ ಮಾಡಿದರೆ ಒಂದು ಜೀವ ಹೆಚ್ಚು ಉಳಿಯುತ್ತದೆ. ನಂಜೂ ಕಡಿಮೆ, ಮೈ ತಣ್ಣಗಾಗುವುದೂ ಕಡಿಮೆ. ಲಾಭ ಇಷ್ಟು ಸ್ಪಷ್ಟವಾಗಿದ್ದರಿಂದ 4,200 ಕೂಸುಗಳ ಗುರಿ ಮುಟ್ಟುವ ಮೊದಲೇ ಅಧ್ಯಯನವನ್ನು ನಿಲ್ಲಿಸಲಾಯಿತು. ತಾಯಿ ಒಳಗೆ ಬಂದರೆ ಸೋಂಕು ಬರುತ್ತದೆಂದು ಬಾಗಿಲು ಹಾಕಿದವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಇದರ ಮಿತಿಗಳನ್ನೂ ಹೇಳಲೇಬೇಕು. ಮೊದಲ 72 ಗಂಟೆಗಳ ಸಾವಿನಲ್ಲಿ ಕಂಡ ವ್ಯತ್ಯಾಸ (ನೂರಕ್ಕೆ 4.6 ಮತ್ತು 5.8) ಖಚಿತವಾಗಿ ನಂಬುವಷ್ಟು ದೊಡ್ಡದಲ್ಲ. ಹುಟ್ಟಿ ಒಂದು ಗಂಟೆಯಾದರೂ ತಾನಾಗಿ ಉಸಿರಾಡದ ಕೂಸುಗಳು ಅಧ್ಯಯನದಲ್ಲಿ ಇರಲಿಲ್ಲ. ಜೀವ ಉಳಿಸಿದ್ದು ಮೈಯ ಬಿಸುಪೇ, ಸದಾ ಪಕ್ಕದಲ್ಲಿದ್ದ ತಾಯಿಯ ಕಣ್ಣೇ, ಸಮಯಕ್ಕೆ ಸಿಕ್ಕ ಎದೆಹಾಲೇ ಎಂದು ಬಿಡಿಸಿ ಹೇಳಲೂ ಬರುವುದಿಲ್ಲ. ನನಗೆ ಇದು ಕೊರತೆಯಾಗಿ ಕಾಣುವುದಿಲ್ಲ. ತಾಯಿಯನ್ನು ಒಳಗೆ ಬಿಟ್ಟರೆ ಮೂರೂ ಒಟ್ಟಿಗೇ ಬರುತ್ತವೆ.

ನನ್ನನ್ನು ನಿಜವಾಗಿ ಕಾಡುವ ಅಂಕಿ ಬೇರೆ. ಮೊದಲ ಗುಂಪಿನ ಕೂಸುಗಳು ದಿನಕ್ಕೆ ಸುಮಾರು 17 ಗಂಟೆ ಎದೆಯ ಮೇಲಿದ್ದವು. ಹಸಿ ಬಾಣಂತಿ, ಅದರಲ್ಲೂ ಸಿಸೇರಿಯನ್ ಆದವಳು, ಒಬ್ಬಳೇ ಇದನ್ನು ಮಾಡಲಾರಳು. ಸಫ್ದರ್‌ಜಂಗ್‌ನಲ್ಲಿ ತಾಯಿಗೂ ಎನ್‌ಐಸಿಯು ಒಳಗೇ ಮಂಚ ಹಾಕಿದರು, ಅವಳ ಆರೈಕೆಯೂ ಅಲ್ಲೇ ನಡೆಯಿತು. ಅವಳು ದಣಿದಾಗ ಕೂಸನ್ನು ಅಪ್ಪಿಕೊಳ್ಳಲು ಮನೆಯ ಇನ್ನೊಬ್ಬರಿಗೂ ಜಾಗ ಇತ್ತು. ಈ ವಿಧಾನಕ್ಕೆ ಖರ್ಚಿಲ್ಲ ಎಂದು ಹೊಗಳುವವರು ಮಂಚ, ಜಾಗ, ದಾದಿಯರು, ಊಟ, ಹೆರಿಗೆ ಮತ್ತು ಮಕ್ಕಳ ವಿಭಾಗಗಳ ಹೊಂದಾಣಿಕೆ, ಇವನ್ನೆಲ್ಲ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಲೆಕ್ಕ ಬಿಟ್ಟರೆ ಹೊರೆಯೆಲ್ಲ ಹೆಣ್ಣಿನ ಮೈಮೇಲೆ ಬೀಳುತ್ತದೆ.

ದೆಹಲಿಯ ಮಗ್ಗುಲಲ್ಲೇ, ಹರಿಯಾಣದ ಫರೀದಾಬಾದ್ ಮತ್ತು ಪಲ್ವಲ್ ಜಿಲ್ಲೆಗಳಲ್ಲಿ ಇದಕ್ಕೂ ಮೊದಲು ಇನ್ನೊಂದು ಅಧ್ಯಯನ ನಡೆದಿತ್ತು. 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅಲ್ಲಿ 1.5ರಿಂದ 2.25 ಕಿಲೋದ 8,402 ಕೂಸುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳ ತಾಯಂದಿರಿಗೆ ಮನೆಯಲ್ಲೇ ಈ ಆರೈಕೆ ಕಲಿಸಿದರು. ಮೊದಲ ತಿಂಗಳ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಕಾರ್ಯಕರ್ತೆಯರು ಮತ್ತೆ ಮತ್ತೆ ಮನೆಗೆ ಬಂದು ಅತ್ತೆಗೂ ಗಂಡನಿಗೂ ತಿಳಿಹೇಳಿದ್ದು ಇದರ ಬಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ಕಾಂಗರೂ ಆರೈಕೆಯನ್ನು ಜಿಲ್ಲೆಯುದ್ದಕ್ಕೂ ಹಬ್ಬಿಸಲು ದುಡಿದಿದ್ದಾರೆ. ಬಾಣಂತನಕ್ಕೆಂದು ತವರಿಗೆ ಕರೆತರುವ ನಾಡಿನಲ್ಲಿ ಕೂಸನ್ನು ಅಪ್ಪಿಕೊಳ್ಳಲು ಅಜ್ಜಿ, ಚಿಕ್ಕಮ್ಮಂದಿರಿಗೆ ಕೊರತೆಯಿಲ್ಲ. ಅಪ್ಪನೂ ಅಪ್ಪಿಕೊಳ್ಳಬಹುದು.

2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಹಳೆಯ ಸಲಹೆಯನ್ನೇ ಬದಲಿಸಿ, ಅವಧಿಗೆ ಮುಂಚೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸುಗಳಿಗೆ ಆದಷ್ಟು ಬೇಗ ಈ ಆರೈಕೆ ಶುರುಮಾಡಿ, ದಿನಕ್ಕೆ 8ರಿಂದ 24 ಗಂಟೆ ಕೊಡಿ ಎಂದಿತು. ನಿಮ್ಮ ಮನೆಯಲ್ಲಿ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸು ಹುಟ್ಟಿದರೆ, ಅದನ್ನು ಒಳಗೆ ಒಯ್ಯುವ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಒಳಗೆ ತಾಯಿಗೂ ಮಂಚ ಇದೆಯೇ? ಇಲ್ಲವೆಂದರೆ, ಅವಳು ಎಷ್ಟು ಬೇಗ, ದಿನಕ್ಕೆ ಎಷ್ಟು ಹೊತ್ತು ಒಳಗಿರಬಹುದು ಎಂದಾದರೂ ಕೇಳಿ.