ದೂರದರ್ಶನದ ಚಲಿಸುವ ಮುದ್ರೆ

ನಾಟಕಕ್ಕೆ ನಾಂದಿ, ಕಾವ್ಯಕ್ಕೆ ಮಂಗಳಪದ್ಯ, ನಮ್ಮ ಸೀಮೆಯ ದೊಡ್ಡಾಟಕ್ಕೆ ಗಣಸ್ತುತಿ. ಇವಿಲ್ಲದೆ ಆರಂಭವೇ ಇಲ್ಲವೆಂಬುದನ್ನು ವಾಚಕರು ಬಲ್ಲರು. ಚಲಚ್ಚಿತ್ರವೂ ಈ ಮರ್ಯಾದೆಯನ್ನು ತನ್ನದೇ ರೀತಿಯಲ್ಲಿ ಪಾಲಿಸುತ್ತ ಬಂದಿದೆ. ಕಥೆ ಮೊದಲಾಗುವ ಮುನ್ನ ಅಮೆರಿಕದ ಒಂದು ಚಿತ್ರಸಂಸ್ಥೆಯ ಸಿಂಹವು ಗರ್ಜಿಸುತ್ತದೆ. ರಷ್ಯದ ಸರಕಾರಿ ಸಂಸ್ಥೆಯಾದ ಮೋಸ್‌ಫಿಲ್ಮಿನ ಕಾರ್ಮಿಕನೂ ರೈತಮಹಿಳೆಯೂ ಸುತ್ತಿಗೆ ಕುಡುಗೋಲುಗಳನ್ನು ಮೇಲೆತ್ತಿ ನಿಲ್ಲುತ್ತಾರೆ. ಇಂಥ ಮುದ್ರೆಗಳನ್ನು ವಿಮರ್ಶೆಗೆ ಅರ್ಹವೆಂದು ಭಾವಿಸುವವರು ನಮ್ಮಲ್ಲಿ ವಿರಳ. ಆದರೂ, ಲಕ್ಷಾಂತರ ಮನೆಗಳಲ್ಲಿ ದಿನದಿನವೂ ಜನರ ಕಣ್ಣಿಗೆ ಬಿದ್ದ ಒಂದು ಕೃತಿಯನ್ನು ಅದು ಕೆಲವೇ ಕ್ಷಣಗಳದ್ದೆಂಬ ಕಾರಣದಿಂದ ಕಡೆಗಣಿಸುವುದು ನ್ಯಾಯವಾಗಲಾರದು. ದೂರದರ್ಶನದ ಮುದ್ರೆಯೇ ನಾವು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವ ಕೃತಿ.

ವರ್ತಕನ ಮುದ್ರೆಗೂ ಸಾರ್ವಜನಿಕ ಸಂಸ್ಥೆಯ ಮುದ್ರೆಗೂ ಒಂದು ಭೇದವುಂಟು. ವರ್ತಕನು 'ಈ ಸರಕು ನನ್ನದು' ಎಂದರೆ ಸಾಕು. ಪ್ರಜೆಗಳ ಹಣದಿಂದ ನಡೆಯುವ ಸಂಸ್ಥೆಯು 'ಕಳುಹಿಸುವವನು ನಾನು, ಆದರೆ ವಸ್ತು ನಿಮ್ಮದು' ಎಂದು ಹೇಳಬೇಕಾಗುತ್ತದೆ. ಅರಸನು ಪ್ರಜೆಗಳೊಡನೆ ಮಾತನಾಡುವ ಮೊದಲು ತನ್ನ ಗುರುತನ್ನು ಹೇಳಿಕೊಳ್ಳುವ ಪದ್ಧತಿ ನಮ್ಮ ಜಿಲ್ಲೆಗೆ ಹೊಸದಲ್ಲ. ಮಸ್ಕಿಯ ಬಂಡೆಯ ಮೇಲಿನ ಶಾಸನವು ೧೯೧೫ರಲ್ಲಿ ಚಿನ್ನದ ಗಣಿಗಳ ಎಂಜಿನಿಯರನಾದ ಬೀಡನ್ ಎಂಬವನ ಕಣ್ಣಿಗೆ ಬಿತ್ತು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಅದರಲ್ಲಿ ದೊರೆತದ್ದರಿಂದಲೇ ಅದಕ್ಕೆ ಲೋಕಪ್ರಸಿದ್ಧಿ ಬಂದಿತು. ಆದರೆ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಬಲ್ಲವನೊಬ್ಬನು ಓದಿ ಹೇಳಿದಲ್ಲದೆ ಸುತ್ತಣ ಹಳ್ಳಿಗರಿಗೆ ಅದು ಬರಿಯ ಗೀರುಗಳಾಗಿಯೇ ಉಳಿದಿದ್ದೀತು. ಅಕ್ಷರ ಬಾರದವನಿಗೂ ಸಲ್ಲುವ ರಾಜಮುದ್ರೆ ಹೇಗಿರಬೇಕೆಂಬ ಪ್ರಶ್ನೆಯು ಅಂದಿನಿಂದಲೇ ನಮ್ಮ ಮುಂದಿದೆಯೆನ್ನಬಹುದು.

ಸ್ವತಂತ್ರ ಭಾರತದ ಸರಕಾರವು ೧೯೪೮ರಲ್ಲಿ ಫಿಲ್ಮ್ಸ್ ಡಿವಿಜನ್ ಎಂಬ ಚಿತ್ರಸಂಸ್ಥೆಯನ್ನು ಸ್ಥಾಪಿಸಿತು. ಹೈದರಾಬಾದು ಸಂಸ್ಥಾನದೊಡನೆ ನಮ್ಮ ಜಿಲ್ಲೆಯು ಭಾರತದಲ್ಲಿ ಸೇರಿದುದೂ ಅದೇ ವರ್ಷ. ಆ ಸಂಸ್ಥೆಯ ಸಾಕ್ಷ್ಯಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ತೋರಿಸಲೇಬೇಕೆಂಬ ಕಟ್ಟಳೆಯು ಬಹುಕಾಲ ಜಾರಿಯಲ್ಲಿದ್ದಿತು. ಚೀಟಿ ಕೊಂಡು ಒಳಗೆ ಕುಳಿತವನನ್ನು ಮತ್ತೆ ಕರೆಯುವ ಅಗತ್ಯವೇನು? ೨೦೨೨ರಲ್ಲಿ ಆ ಸಂಸ್ಥೆಯನ್ನು ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನಗೊಳಿಸಲಾಯಿತು. ಮನೆಯೊಳಗಿನ ಪೆಟ್ಟಿಗೆಯ ಸ್ಥಿತಿಯೇ ಬೇರೆ. ಅಲ್ಲಿ ಪ್ರೇಕ್ಷಕನು ಅಡಿಗೆಮನೆಯಲ್ಲಿರಬಹುದು, ಅಂಗಳದಲ್ಲಿರಬಹುದು. ಅವನನ್ನು ಕರೆದು ಕೂಡಿಸುವ ಕೆಲಸವು ಮುದ್ರೆಯ ಪಾಲಿಗೆ ಬರುತ್ತದೆ.

ದಿಲ್ಲಿಯಲ್ಲಿ ೧೯೫೯ರ ಸೆಪ್ಟೆಂಬರ್ ೧೫ರಂದು ಆಕಾಶವಾಣಿಯ ಆಶ್ರಯದಲ್ಲಿ ಹುಟ್ಟಿದ ದೂರದರ್ಶನವು ೧೯೭೬ರ ಏಪ್ರಿಲ್ ೧ರಂದು ಬೇರೆ ಸಂಸಾರ ಹೂಡಿತು. ಹೊಸ ಮನೆಗೆ ಹೊಸ ಗುರುತು ಬೇಕಾಯಿತು. ೧೯೬೧ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿ ದೇವಾಶಿಸ್ ಭಟ್ಟಾಚಾರ್ಯರು ಒಂದು ವೃತ್ತವನ್ನೂ ಅದನ್ನು ಎರಡು ಕಡೆಗಳಿಂದ ಬಳಸಿದ ಎರಡು ಬಾಗುಗಳನ್ನೂ ಬರೆದರು. ಅನೇಕ ರಚನೆಗಳ ನಡುವೆ ಪ್ರಧಾನಿ ಇಂದಿರಾ ಗಾಂಧಿಯವರು ಇದನ್ನೇ ಆರಿಸಿದರೆಂದು ಪ್ರತೀತಿ. ಅದೇ ಸಂಸ್ಥೆಯ ಆರ್. ಎಲ್. ಮಿಸ್ತ್ರಿಯವರು ಈ ಚಿತ್ರದ ಪ್ರತಿಗಳನ್ನು ಕ್ಯಾಮರಾದ ಕೆಳಗೆ ಇಟ್ಟು, ತಿರುಗಿಸುತ್ತ ತಿರುಗಿಸುತ್ತ ಚಿತ್ರೀಕರಿಸಿ, ಅದಕ್ಕೆ ಚಲನೆಯನ್ನು ಕೊಟ್ಟರು. ಗಣಕಯಂತ್ರದ ನೆರವಿಲ್ಲದೆ ಕೈಯಿಂದ ನಡೆದ ಕೆಲಸವಿದು.

ಕೈಕೆಲಸದ ಗುಣವು ಕೃತಿಯಲ್ಲಿಯೇ ಇದೆ. ಕಪ್ಪು ನೆಲದ ಮೇಲೆ ಬಿಳಿಯ ಆಕಾರಗಳು ಸುತ್ತುತ್ತ ಬಂದು, ಒಂದರೊಳಗೊಂದು ಸೇರಿ, ಕೊನೆಗೆ ಕಣ್ಣಾಗಿ ನೆಲೆಗೊಳ್ಳುತ್ತವೆ. ರೆಪ್ಪೆಯಿಲ್ಲ, ಹುಬ್ಬಿಲ್ಲ, ಆದರೂ ಕಣ್ಣೆಂಬುದರಲ್ಲಿ ಸಂದೇಹ ಉಂಟಾಗುವುದಿಲ್ಲ. ಅಷ್ಟೇ ಅಲ್ಲ, ನೋಡುವವನ ಮನೋಧರ್ಮಕ್ಕೆ ತಕ್ಕಂತೆ ಅದು ಗ್ರಹಪಥಗಳ ನಡುವಣ ಸೂರ್ಯನೂ ಆಗಬಲ್ಲದು, ತಬ್ಬಿಕೊಂಡ ಎರಡು ವಿರುದ್ಧ ಶಕ್ತಿಗಳೂ ಆಗಬಲ್ಲದು. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದುದು ಇದನ್ನೇ. ನಿಂತ ಚಿತ್ರದಲ್ಲಿ ಈ ಧ್ವನಿ ಅರ್ಧ ಮಾತ್ರ ಹೊಮ್ಮುತ್ತದೆ. ಕಣ್ಣು ಸಿದ್ಧವಾಗಿ ಬರದೆ ನಮ್ಮೆದುರಿಗೇ ರೂಪುಗೊಳ್ಳುವುದರಿಂದ ಉಳಿದರ್ಧ ಪೂರ್ಣವಾಗುತ್ತದೆ. ಹೆಸರಿನ ಅಕ್ಷರಗಳಿಗೂ 'ಸತ್ಯಂ ಶಿವಂ ಸುಂದರಂ' ಎಂಬ ಧ್ಯೇಯವಾಕ್ಯಕ್ಕೂ ಅಲ್ಲಿ ಎರಡನೆಯ ಸ್ಥಾನ. ಇನ್ನು ನಾದದ ವಿಚಾರ. ಪಂಡಿತ ರವಿಶಂಕರರು ಉಸ್ತಾದ್ ಅಲಿ ಅಹಮದ್ ಹುಸೇನ್ ಖಾನರ ಜೊತೆಯಲ್ಲಿ ರಚಿಸಿದ ಆ ರಾಗಮಾಲಿಕೆಯು ಅವಸರವನ್ನೇ ಅರಿಯದು. ಹಿತ್ತಲಲ್ಲಿದ್ದವರಿಗೆ ಒಳಗೆ ಬಂದು ಕೂರುವಷ್ಟು ಹೊತ್ತನ್ನು ಅದು ಕೊಡುತ್ತಿದ್ದಿತು. ಅದರಲ್ಲಿ ಒಂದು ಕರುಣೆಯ ಎಳೆಯೂ ಇದೆ. ಉತ್ಸವದ ವಾದ್ಯವೆಂದು ಅದನ್ನು ಕೇಳಿದವರು ಕಡಿಮೆ.

ಇದು ನಮ್ಮ ಜಿಲ್ಲೆಗೆ ಏಕೆ ವಿಶೇಷವಾಗಿ ಸಂಬಂಧಪಡುತ್ತದೆ ಎಂದು ಕೇಳಬಹುದು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಅಮೆರಿಕದ ಒಂದು ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಪಾಠವನ್ನೂ ಬೇಸಾಯದ ಮಾತನ್ನೂ ಕಳುಹಿಸುವ ಪ್ರಯೋಗವೊಂದು ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದುಕೊಂಡವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ರಾಜಧಾನಿಯಾದ ಬೆಂಗಳೂರಿನಲ್ಲಿ ೧೯೮೧ರವರೆಗೂ ದೂರದರ್ಶನ ಕೇಂದ್ರವಿರಲಿಲ್ಲ. ಅದಕ್ಕೆ ಮೊದಲೇ ನಮ್ಮ ಕಡೆಯ ಹಳ್ಳಿಗಳ ಕಟ್ಟೆಗಳ ಮುಂದೆ, ತಂತಿಬಲೆಯ ದೊಡ್ಡ ಬೋಗುಣಿಯ ಕೆಳಗೆ, ಜನ ನೆರೆದು ನೋಡುತ್ತಿದ್ದರು. ಹಿಂದುಳಿದ ಸೀಮೆಯೆಂಬ ಮಾತನ್ನು ಕೇಳಿ ಕೇಳಿ ಬೇಸತ್ತವರು ಈ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಆ ಪ್ರಯೋಗವು ನಡೆಯುತ್ತಿದ್ದ ವರ್ಷದಲ್ಲಿಯೇ ದೂರದರ್ಶನದ ಮುದ್ರೆ ಹುಟ್ಟಿತು. ಅಕ್ಷರಸ್ಥರು ಕಡಿಮೆಯಿದ್ದ ಪ್ರೇಕ್ಷಕವರ್ಗವು ದೇಶದಲ್ಲಿ ಆಗತಾನೆ ರೂಪುಗೊಳ್ಳುತ್ತಿದ್ದಿತು. ಸಿಂಧನೂರು ತಾಲೂಕನ್ನೇ ನೋಡಿ: ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಕನ್ನಡಿಗರ ಊರುಗಳ ಪಕ್ಕದಲ್ಲಿ ತೆಲುಗರ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಪುನರ್ವಸತಿ ಕ್ಯಾಂಪುಗಳು, ಪೇಟೆಯಲ್ಲಿ ಉರ್ದು. ಯಾವ ಲಿಪಿಯಲ್ಲಿ ಬರೆದರೂ ಇವರಲ್ಲಿ ಕೆಲವರಿಗೆ ಅದು ಪರಕೀಯವೇ. ಸುತ್ತುತ್ತ ಬಂದು ಕಣ್ಣಾಗುವ ಆಕಾರ ಮಾತ್ರ ಎಲ್ಲರಿಗೂ ಒಂದೇ.

ಹೀಗೆ ಹೊಗಳಿದ ಮೇಲೆ ಒಂದು ಆಕ್ಷೇಪವನ್ನೂ ಹೇಳದಿದ್ದರೆ ವಿಮರ್ಶೆಯು ಸ್ತೋತ್ರವಾದೀತು. ಕಣ್ಣು ಯಾರದು? ೧೯೭೬ರ ಏಪ್ರಿಲ್ ಎಂದರೆ ತುರ್ತುಪರಿಸ್ಥಿತಿಯ ಕಾಲ. ಪತ್ರಿಕೆಗಳ ಮೇಲೆ ನಿರ್ಬಂಧವಿದ್ದಾಗ ಸರಕಾರದ ಸಂಸ್ಥೆಯೊಂದು ಕಣ್ಣನ್ನು ತನ್ನ ಚಿಹ್ನೆಯಾಗಿ ತೊಟ್ಟರೆ, ಅದು ಪ್ರಜೆಗೆ ಕೊಟ್ಟ ಕಣ್ಣೋ, ಪ್ರಜೆಯ ಮೇಲಿಟ್ಟ ಕಣ್ಣೋ ಎಂಬ ಶಂಕೆಗೆ ಎಡೆಯುಂಟು. ಕೆನಡಾ ದೇಶದ ಸರಕಾರಿ ಚಿತ್ರಸಂಸ್ಥೆಯಾದ ನ್ಯಾಷನಲ್ ಫಿಲ್ಮ್ ಬೋರ್ಡಿಗಾಗಿ ಜಾರ್ಜ್ ಬೋಪ್ರೆ ೧೯೬೯ರಲ್ಲಿ ರಚಿಸಿದ ಮುದ್ರೆಯೂ ಕಣ್ಣೇ. ಆದರೆ ಅಲ್ಲಿ ಮನುಷ್ಯನೊಬ್ಬನು ತೋಳುಗಳನ್ನು ಮೇಲೆತ್ತಿ ಕೂಡಿಸಿದ್ದಾನೆ, ಆ ತೋಳುಗಳ ನಡುವಣ ಅವನ ತಲೆಯೇ ಕಣ್ಣುಗುಡ್ಡೆಯಾಗಿದೆ. ನೋಡುವವನು ಮನುಷ್ಯನೆಂಬುದು ಅಲ್ಲಿ ಸ್ಪಷ್ಟ. ನಮ್ಮ ಮುದ್ರೆಯಲ್ಲಿ ಮನುಷ್ಯನಿಲ್ಲ. ಈ ಕೊರತೆಯನ್ನು ಮರೆಸಿದುದು ಆ ನಿಧಾನಗತಿ ಮತ್ತು ಆ ನಾದ. ಅಳತೆ ಹಾಕಿ ನೋಡುವ ಕಣ್ಣು ಅಷ್ಟು ಮೃದುವಾಗಿ ಬರುವುದಿಲ್ಲವೆಂದು ಜನ ನಂಬಿದರು.

ಆದುದರಿಂದಲೇ ಮುಂದಿನ ಮಾರ್ಪಾಟುಗಳು ನಮಗೆ ಸಣ್ಣವಾಗಿ ತೋರುವುದಿಲ್ಲ. ೧೯೮೨ರಲ್ಲಿ ಬಣ್ಣ ಬಂದಿತು. ಮುದ್ರೆಗೂ ಬಣ್ಣ ಹತ್ತಿತು. ಬಳಿಕ ಗಣಕಯಂತ್ರ ಬಂದಿತು; ಚಪ್ಪಟೆಯಾಗಿದ್ದ ಬಾಗುಗಳಿಗೆ ದಪ್ಪ, ಹೊಳಪು, ಲೋಹದ ಮೆರುಗು ಬಂದವು. ಲಿಂಗಸುಗೂರು ತಾಲೂಕಿನ ಹಟ್ಟಿಯ ಗಣಿಯವರಿಗೆ ಕಲ್ಲಿನಿಂದ ಚಿನ್ನ ತೆಗೆಯುವ ಕಷ್ಟ ಗೊತ್ತು. ಗಣಕಯಂತ್ರದ ಚಿನ್ನ ಇಷ್ಟು ಸುಲಭವಾಗಿ ದೊರೆಯುವುದನ್ನು ಕಂಡು ಅವರು ನಕ್ಕಾರು. ೧೯೯೦ರ ದಶಕದಲ್ಲಿ ಖಾಸಗಿ ವಾಹಿನಿಗಳು ಬಂದ ಮೇಲೆ ಅವುಗಳೊಡನೆ ಓಡುವ ಆತುರದಲ್ಲಿ ಮುದ್ರೆಯೂ ಓಡಲಾರಂಭಿಸಿತು. ಆಕಾರ ಉಳಿಯಿತು, ಅದು ರೂಪುಗೊಳ್ಳುವ ಕ್ರಿಯೆ ಮರೆಯಾಯಿತು. ಈಗಿನ ಮುದ್ರೆಯು ಸಿದ್ಧವಾದ ಕಣ್ಣನ್ನೇ ತಂದಿಡುತ್ತದೆ, ಹಳೆಯದರ ಧ್ವನಿಯನ್ನು ಬಲ್ಲವರಿಗೆ ಇದು ಬಡವಾಗಿಯೇ ಕಾಣುತ್ತದೆ.

೨೦೧೭ರಲ್ಲಿ ಹೊಸ ಮುದ್ರೆಗಾಗಿ ಸಾರ್ವಜನಿಕರಿಂದ ರಚನೆಗಳನ್ನು ಆಹ್ವಾನಿಸಿದರು. ೨೦೨೪ರ ಏಪ್ರಿಲಿನಲ್ಲಿ ದೂರದರ್ಶನದ ವಾರ್ತಾವಾಹಿನಿಯ ಕೆಂಪು ಮುದ್ರೆ ಕಿತ್ತಳೆಯಾಯಿತು. ಅದು ಕೇಸರಿಯೆಂದು ಕೆಲವರು ಆಕ್ಷೇಪಿಸಿದರು; ನೋಟದ ಅಂದಕ್ಕಾಗಿ ಮಾತ್ರವೆಂದು ಸಂಸ್ಥೆಯವರು ಸಮಾಧಾನ ಹೇಳಿದರು. ವರ್ಣದ ಗುಣದೋಷಗಳ ಚರ್ಚೆಗೆ ನಾವು ಇಳಿಯುವುದಿಲ್ಲ. ಕ್ಷೇಮೇಂದ್ರನು ಹೇಳಿದ ಔಚಿತ್ಯದ ದೃಷ್ಟಿಯಿಂದ ನೋಡಿದರೆ ಒಂದು ಮಾತು ಹೇಳಬಹುದು: ಅದು ನಡೆದುದು ಲೋಕಸಭೆಯ ಚುನಾವಣೆಯ ನಡುವೆ. ಅಂದಕ್ಕಾಗಿಯೇ ಆಗಿದ್ದರೆ ಎರಡು ತಿಂಗಳು ಕಾಯುವುದರಿಂದ ಅಂದವೇನೂ ಕೆಡುತ್ತಿರಲಿಲ್ಲ. ಕಣ್ಣು ಯಾರದೆಂಬ ಹಳೆಯ ಶಂಕೆಯನ್ನು ಸಂಸ್ಥೆಯವರೇ ಮತ್ತೆ ಎಬ್ಬಿಸಿಕೊಂಡಂತಾಯಿತು.

ನಮ್ಮದೊಂದು ಚಿಕ್ಕ ಬಿನ್ನಹವಿದೆ. ಪ್ರತಿವರ್ಷ ಸೆಪ್ಟೆಂಬರ್ ೧೫ರಂದು, ದೂರದರ್ಶನದ ಹುಟ್ಟುಹಬ್ಬದ ದಿನ, ೧೯೭೬ರ ಆ ಕಪ್ಪುಬಿಳುಪಿನ ಮುದ್ರೆಯನ್ನು ಅದರ ನಾದದೊಡನೆ, ಎಲ್ಲಿಯೂ ಕತ್ತರಿಸದೆ, ಭಟ್ಟಾಚಾರ್ಯ ಮತ್ತು ಮಿಸ್ತ್ರಿಯವರ ಹೆಸರುಗಳನ್ನು ಹೇಳಿ, ಚಂದನ ವಾಹಿನಿಯವರು ಒಮ್ಮೆ ತೋರಿಸಲಿ. ನಮ್ಮ ಹಳ್ಳಿಗಳಲ್ಲಿ ಅದನ್ನು ಗುರುತಿಸುವ ಹಿರಿಯರು ಇನ್ನೂ ಇದ್ದಾರೆ.